ಹೂಂಗುಟ್ಟಿದವನ ಒಪ್ಪಿಗೆ

ಆಸ್ಪತ್ರೆಯಲ್ಲಿ ಸಹಿ ಹಾಕಿಸಿಕೊಳ್ಳುವ ಪದ್ಧತಿ ನಿಂತು ಆಗಲೇ ಬಹಳ ವರ್ಷಗಳಾಗಿದ್ದವು. ಹಿಂದೆ ಹೇಗಿತ್ತು ಎಂದು ಹಿರಿಯರನ್ನು ಕೇಳಿ ನೋಡಿ, ಹೇಳುತ್ತಾರೆ. ಆಪರೇಷನ್ನಿಗೆ ಮುಂಚೆ ಸಣ್ಣಕ್ಷರದ ಕಾಗದವೊಂದು ಬರುತ್ತಿತ್ತು. "ಇಲ್ಲೊಂದು, ಇಲ್ಲೊಂದು" ಎಂದು ಯಾರೋ ಬೆರಳು ಇಡುತ್ತಿದ್ದರು. ರೋಗಿಯೋ, ರೋಗಿಯ ಅಳಿಯನೋ ಓದುವ ಗೋಜಿಗೆ ಹೋಗದೆ ಗೀಚುತ್ತಿದ್ದರು. ಆಮೇಲೆ ಏನಾದರೂ ಹೆಚ್ಚುಕಡಿಮೆಯಾದರೆ, ನಮಗೆ ಯಾರೂ ಹೇಳಲೇ ಇಲ್ಲ ಎಂದು ಇವರು, ಸಹಿ ನಿಮ್ಮದೇ ಅಲ್ಲವೇ ಎಂದು ಅವರು. ಆಸ್ಪತ್ರೆಯ ಗಾಜೂ ಒಡೆಯುತ್ತಿತ್ತು, ಡಾಕ್ಟರ ತಲೆಯೂ ಒಡೆಯುತ್ತಿತ್ತು. ಈ ಜಗಳ ಕೇಳಿ ಕೇಳಿ ಕೋರ್ಟುಗಳೂ ಬೇಸತ್ತ ಮೇಲೆ ಹೊಸ ಕಾನೂನು ಬಂತು. ಸಹಿ ಎಂದರೆ ಒಪ್ಪಿಗೆಯಲ್ಲ, ತಿಳಿದುಕೊಂಡು ಮನಸಾರೆ ಒಪ್ಪಿದರಷ್ಟೇ ಒಪ್ಪಿಗೆ. ಮಾತು ಸರಿಯಾದದ್ದೇ. ಆದರೆ ಎದುರಿನ ಮನುಷ್ಯನಿಗೆ ತಿಳಿಯಿತೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು? ಅದಕ್ಕೊಂದು ಯಂತ್ರ ಬಂತು.

ಯಂತ್ರಕ್ಕೆ ಸಾಕ್ಷಿ ಎಂದು ಹೆಸರಿಟ್ಟರು. ಹಾಸಿಗೆಯ ತಲೆಯ ಕಡೆ ಗೋಡೆಗೆ ಅಂಟಿಕೊಂಡಿರುತ್ತಿದ್ದ ಅದು ನೋಡಲು ಊಟದ ಡಬ್ಬಿಗಿಂತ ದೊಡ್ಡದಲ್ಲ. ಡಾಕ್ಟರು ರೋಗಿಗೆ ವಿವರಿಸುವಾಗ ಅದು ಕೇಳುತ್ತಿತ್ತು, ನೋಡುತ್ತಿತ್ತು. ರೋಗಿಯ ಕಣ್ಣು ಎಲ್ಲಿದೆ, ನಾಡಿ ಹೇಗೆ ಓಡುತ್ತಿದೆ, ದನಿಯಲ್ಲಿ ನಡುಕವಿದೆಯೇ, ಯಾವ ಮಾತಿಗೆ ಯಾವ ಉತ್ತರ ಎಷ್ಟು ಬೇಗ ಬಂತು ಎಂಬುದನ್ನೆಲ್ಲ ಕೂಡಿಸಿ ಕಳೆದು ಕೊನೆಗೊಂದು ದೀಪ ಹೊತ್ತಿಸುತ್ತಿತ್ತು. ಕೆಂಪು ಬಂದರೆ ಒಲ್ಲೆ ಎಂದು ಅರ್ಥ. ಹಳದಿ ಬಂದರೆ ತಿಳಿದಿಲ್ಲ, ಮತ್ತೆ ಹೇಳಿ ಎಂದು. ಹಸಿರು ಬಂತೋ, ಮುಗಿಯಿತು. ಹಸಿರಿನ ಮೇಲೆ ಮಾತಿಲ್ಲ. ಮುಂದೆ ಏನೇ ಆದರೂ ಡಾಕ್ಟರನ್ನಾಗಲಿ ನರ್ಸನ್ನಾಗಲಿ ಯಾರೂ ಬೆರಳು ತೋರಿಸಿ ಕೇಳುವಂತಿರಲಿಲ್ಲ.

ಕೊಪ್ಪಳದ ಹೊರಗೆ ಹೆದ್ದಾರಿಗೆ ಮುಖಮಾಡಿ ನಿಂತಿದ್ದ ದೊಡ್ಡಾಸ್ಪತ್ರೆಯೊಂದರಲ್ಲಿ ಇಂಥ ಸಾಕ್ಷಿಗಳ ಕಣ್ಣು, ಕಿವಿಯೆಲ್ಲ ಮೂರನೇ ಮಹಡಿಯ ಒಂದು ಕೋಣೆಗೆ ಬಂದು ಸೇರುತ್ತಿದ್ದವು. ಆ ಕೋಣೆಯಲ್ಲಿ ದಾಕ್ಷಾಯಣಿ ಕವಲೂರ ಒಬ್ಬಳೇ ಕೂತಿರುತ್ತಿದ್ದಳು. ವಾರ್ಡುಗಳಲ್ಲಿ ನರ್ಸಾಗಿ ಬಹಳ ಕಾಲ ದುಡಿದವಳು. ಮೊಣಕಾಲು ಸೋತ ಮೇಲೆ, ಕೂತು ಮಾಡುವ ಕೆಲಸವೆಂದು ಅವಳನ್ನು ಇಲ್ಲಿಗೆ ಹಾಕಿದ್ದರು. ಪರದೆಗಳನ್ನು ನೋಡುವುದು, ಯಂತ್ರಗಳು ನೆಟ್ಟಗಿವೆಯೇ ಎಂದು ಗಮನಿಸುವುದು, ಅಷ್ಟೇ ಕೆಲಸ. ಜೊತೆಗೆ ಎರಡು ಕಟ್ಟಳೆ. ರೋಗಿಯ ಮನಸ್ಸನ್ನು ಯಾರೂ ಇತ್ತ ಅತ್ತ ತಿರುಗಿಸಬಾರದೆಂಬ ಕಾರಣಕ್ಕೆ ಅವಳು ರೋಗಿಗಳನ್ನು ಭೇಟಿಯಾಗುವಂತಿಲ್ಲ. ಕೇಳಿಸಿಕೊಂಡದ್ದನ್ನು ಹೊರಗೆ ಯಾರಿಗೂ ಹೇಳುವಂತಿಲ್ಲ. ಎರಡನೆಯದು ಅವಳಿಗೆ ಹೊಸದೇನಲ್ಲ. ನರ್ಸಿಂಗ್ ಮುಗಿಸಿದ ದಿನ ಕೈಯಲ್ಲಿ ದೀಪ ಹಿಡಿದು ಮಾಡಿದ ಪ್ರಮಾಣವೇ ಅದು.

ಪ್ರಮಾಣ ಮಾಡುವಾಗ ಅದು ಎಷ್ಟು ಭಾರವೆಂದು ಯಾರೂ ಹೇಳಿರಲಿಲ್ಲ. ಜಿಲ್ಲೆಯ ಅರ್ಧ ಮಂದಿಯ ಗುಟ್ಟು ಅವಳ ಕಿವಿಯಲ್ಲಿತ್ತು, ಮಾತಾಡಲು ಮಾತ್ರ ಯಾರೂ ಇರಲಿಲ್ಲ. ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವ ಹೆಂಗಸಿನ ಗರ್ಭಕೋಶ ತೆಗೆದದ್ದು ಇವಳಿಗೆ ಗೊತ್ತು. ಹೇಗಿದ್ದೀಯವ್ವ, ಹೊಟ್ಟೆನೋವು ಕಡಿಮೆಯಾಯಿತೇ ಎಂದು ಕೇಳಬೇಕೆನ್ನಿಸುತ್ತಿತ್ತು. ಕೇಳುವಂತಿರಲಿಲ್ಲ. ಆ ಹೆಂಗಸಿಗೆ ಇವಳು ಯಾರೋ. ಇಂಥ ನೂರಾರು ಯಾರೋಗಳ ನಡುವೆ ದಾಕ್ಷಾಯಣಿ ಕೈಚೀಲ ಹಿಡಿದುಕೊಂಡು ಸುಮ್ಮನೆ ನಡೆದುಹೋಗುತ್ತಿದ್ದಳು.

ಆ ಶುಕ್ರವಾರ ಪರದೆಯೊಂದು ಹೊತ್ತಿಕೊಂಡಾಗ ಅವಳು ಮುಖ ನೋಡುವ ಮೊದಲೇ ದನಿಯ ಗುರುತು ಹಿಡಿದಳು. ಕೊಪ್ಪಳದಲ್ಲಿ ಆ ದನಿ ಗೊತ್ತಿಲ್ಲದವರು ಯಾರು? ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಗವಿಸಿದ್ದಪ್ಪ ಮಂಗಳೂರ. ಕಡಲ ಕಡೆಯದಲ್ಲ, ಇಲ್ಲಿಯ ಮಂಗಳೂರು, ಕುಕನೂರಿನ ಹತ್ತಿರದ್ದು. ಯಾವ ಬಸ್ಸು ಎಲ್ಲಿ ನಿಂತಿದೆ, ಎಲ್ಲಿಗೆ ಹೋಗುತ್ತದೆ ಎಂದು ಮೈಕಿನಲ್ಲಿ ಕೂಗುತ್ತಿದ್ದವನು. ನರ್ಸಿಂಗ್ ಓದುವಾಗ ದಾಕ್ಷಾಯಣಿ ಆ ದನಿ ಕೇಳಿಯೇ ಓಡಿಹೋಗಿ ಬಸ್ಸು ಹತ್ತಿದ್ದಳು. ಈಗ ಆ ಕೆಲಸವನ್ನೂ ಯಂತ್ರ ಮಾಡುತ್ತಿತ್ತು. ಆದರೆ ಮಂದಿ ಬೇರೆ ದನಿಗೆ ಒಗ್ಗಲಿಲ್ಲವೆಂದು ಯಂತ್ರದೊಳಗೆ ಅವನದೇ ದನಿ ಇಳಿಸಿಟ್ಟಿದ್ದರು. ಅಸಲಿ ದನಿ ಈಗ ಒಡೆದು ಗೊರಗೊರ ಎನ್ನುತ್ತಿತ್ತು.

ಡಾಕ್ಟರ್ ಪೋತದಾರ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಒಳ್ಳೆಯ ಮನುಷ್ಯ, ಒಳ್ಳೆಯ ಕೈ. ಗದಗಿನ ಕಡೆಯವರು, ಇಲ್ಲಿಯ ಮಂದಿಯ ಜೊತೆ ಇಲ್ಲಿಯ ಮಾತನ್ನೇ ಆಡುವವರು.

"ಗವಿಸಿದ್ದಪ್ಪ ಅಂದ್ರ ನೀವಾ ಹೌದಲ್ರಿ?"

"ಹೂನ್ರಿ."

"ಊಟ ಆತೇನು?"

"ಹೂನ್ರಿ, ಆತ್ರಿ."

"ನೋಡ್ರಿ, ನಿಮ್ಮ ಧ್ವನಿಪೆಟ್ಟಿಗಿ ಒಳಗ ಕ್ಯಾನ್ಸರ್ ಗಡ್ಡಿ ಐತಿ. ಪೂರಾ ಧ್ವನಿಪೆಟ್ಟಿಗಿ ತಗದುಬಿಟ್ರ ನೀವು ಬದುಕತೀರಿ. ಅದು ಹೆಚ್ಚೂಕಡಿಮಿ ಖಾತ್ರಿ."

"ಹೂಂ."

"ಕುತ್ತಿಗಿಗೆ ಒಂದು ತೂತು ಮಾಡ್ತೀವಿ. ಅದರಾಗ ಉಸಿರಾಡ್ತೀರಿ."

"ಹೂಂ."

"ಮಾತಿನ ಚಿಂತಿ ಬ್ಯಾಡ. ಬಸ್‌ಸ್ಟ್ಯಾಂಡಿನಾಗ ನಿಮ್ಮ ಧ್ವನಿ ಹೆಂಗೂ ಮಷೀನಿನಾಗ ಐತಿ. ಅದನ್ನ ಒಂದು ಸಣ್ಣ ಡಬ್ಬಿಗೆ ಹಾಕಿ ಕೊರಳಿಗೆ ಕಟ್ಟತೀವಿ. ನೀವು ತುಟಿ ಅಲ್ಲಾಡ್ಸಿದ್ರ ಸಾಕು, ನಿಮ್ಮ ಧ್ವನಿನ ಬರ್ತೈತಿ."

"ಹೂಂ."

"ಇನ್ನೊಂದು ದಾರಿ ಅಂದ್ರ ಕರೆಂಟ್ ಕೊಡೂದು, ರೇಡಿಯೇಷನ್ ಅಂತಾರಲ್ಲ ಅದು. ಅದರಾಗ ಧ್ವನಿ ಉಳೀಬಹುದು. ಆದ್ರ ಗಡ್ಡಿ ಹೋಗೇ ಹೋಗ್ತೈತಿ ಅಂತ ಹೇಳಾಕ ಬರೂದಿಲ್ಲ. ಭಾಳ ಮಂದಿಗೆ ವರ್ಷದಾಗ ತಿರುಗಿ ಬರ್ತೈತಿ. ನನ್ನ ಕೇಳಿದ್ರ ಆಪರೇಷನ್ನ ಚಲೋ."

"ಹೂಂ."

ಹಸಿರು ದೀಪ ಹೊತ್ತಿತು. ಡಾಕ್ಟರು ಅದನ್ನು ನೋಡಿ, "ಸೋಮವಾರ ಮಾಡೂಣು" ಎಂದು ಅವನ ಭುಜ ತಟ್ಟಿ ಎದ್ದರು. ಗವಿಸಿದ್ದಪ್ಪ ಅವರು ಹೋದ ಬಾಗಿಲನ್ನೇ ನೋಡುತ್ತಿದ್ದ. ಇನ್ನೂ ಏನೋ ಬಾಕಿಯಿದೆ, ಅವರು ಮರಳಿ ಬರುತ್ತಾರೆ ಎನ್ನುವವನ ಹಾಗೆ ಅವನ ಬಾಯಿ ಅರ್ಧ ತೆರೆದಿತ್ತು. ಹಸಿರು ಬಂದ ಮೇಲೆ ನೋಡುವ ಹಕ್ಕು ಯಾರಿಗೂ ಇಲ್ಲವಾದ್ದರಿಂದ ಪರದೆ ತಾನೇ ಕಪ್ಪಾಯಿತು.

ಅವತ್ತು ಸಂಜೆ ದಾಕ್ಷಾಯಣಿ ರೊಟ್ಟಿ ಬಡಿಯುತ್ತಿದ್ದಳು. ಗಂಡ ರುದ್ರಗೌಡ ಹೈಸ್ಕೂಲಿನ ಡ್ರಿಲ್ ಮಾಸ್ತರ. ಅಡುಗೆಮನೆಯ ಬಾಗಿಲಿಗೇ ಕುರ್ಚಿ ಹಾಕಿಕೊಂಡು, ತನ್ನ ಹುರಿಮೀಸೆ ಸವರುತ್ತ, ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಕೆಟ್ಟವನೇನಲ್ಲ. ಮದುವೆಯಾದ ಹೊಸತರಲ್ಲಿ ದಿನಾ ಕೇಳುತ್ತಿದ್ದ, "ಇವತ್ತ ಏನಾತು ದವಾಖಾನ್ಯಾಗ?" ಎಂದು. ಅವಳು ದಿನಾ "ಏನಿಲ್ಲ" ಎನ್ನುತ್ತಿದ್ದಳು. ಒಂದು ದಿನ ವಾರ್ಡಿನಲ್ಲಿ ಕೂಸೊಂದು ಅವಳ ಕೈಯಲ್ಲೇ ಸತ್ತಿತ್ತು, ಅವತ್ತೂ "ಏನಿಲ್ಲ" ಎಂದಿದ್ದಳು. ಇಷ್ಟು "ಏನಿಲ್ಲ" ಕೇಳಿದ ಮೇಲೆ ಯಾವ ಗಂಡಸು ತಾನೇ ಕೇಳುತ್ತ ಕೂರುತ್ತಾನೆ? ಅವನೂ ಬಿಟ್ಟ. ಆಮೇಲೆ ಮನೆಯಲ್ಲಿ ಉಳಿದದ್ದು ನೀರು, ಗ್ಯಾಸು, ಇಸ್ತ್ರಿಯ ಮಾತು. ಕಟ್ಟಳೆ ಮೀರದೆ ನಡೆದದ್ದಕ್ಕೆ ತನಗೆ ಸಿಕ್ಕ ಬಹುಮಾನ ಇದೇ ಎಂದು ಅವಳು ಒಮ್ಮೊಮ್ಮೆ ತನ್ನೊಳಗೇ ನಗುತ್ತಿದ್ದಳು. ಆ ನಗು ಬಹಳ ಹೊತ್ತು ಇರುತ್ತಿರಲಿಲ್ಲ.

"ನಾಳಿ ನಳ ಬರೂದಿಲ್ಲಂತ" ಎಂದಳು.

"ಹೂಂ."

"ನಿಮ್ಮ ಬಿಳಿ ಅಂಗಿ ಇಸ್ತ್ರಿಗೆ ಕೊಟ್ಟೀನಿ."

"ಹೂಂ."

ಅವಳು ರೊಟ್ಟಿ ಹಂಚಿಗೆ ಹಾಕಿ ತಿರುಗಿ ನೋಡಿದಳು. ಅವನ ಕಣ್ಣು ಮೊಬೈಲಿನಲ್ಲಿತ್ತು. ಅವಳಿಗೆ ಎಲ್ಲಿತ್ತೋ ಕೋಪ ಬಂತು.

"ರೊಟ್ಟಿ ಆದ ಮ್ಯಾಲ ನಿಮ್ಮ ಮೀಸಿ ಬೋಳಿಸಿಬಿಡ್ಲೇನು?"

"ಹೂಂ."

ದಾಕ್ಷಾಯಣಿಗೆ ನಗು ತಡೆಯಲಾಗಲಿಲ್ಲ. ಮೀಸೆಯ ಮೇಲೆ ಜೀವ ಇಟ್ಟುಕೊಂಡಿದ್ದ ಮನುಷ್ಯ ಅದನ್ನು ಬೋಳಿಸಲು ಹೂಂ ಎಂದಿದ್ದ. ಸೆರಗು ಬಾಯಿಗೆ ಹಿಡಿದು ನಕ್ಕಳು. ನಗುತ್ತ ನಗುತ್ತ ತಟ್ಟನೆ ನಿಲ್ಲಿಸಿದಳು. ಬಾಗಿಲ ಕಡೆ ನೋಡುತ್ತ ಬಾಯಿ ತೆರೆದು ಕೂತಿದ್ದ ಗವಿಸಿದ್ದಪ್ಪ ಕಣ್ಣ ಮುಂದೆ ಬಂದ. ಹಂಚಿನ ಮೇಲೆ ರೊಟ್ಟಿ ಸೀದು ವಾಸನೆ ಬಂತು.

"ಏನಾತು?" ಎಂದು ರುದ್ರಗೌಡ ತಲೆಯೆತ್ತಿದ.

"ಏನಿಲ್ಲ" ಎಂದಳು.

ಮರುದಿನ ಕೋಣೆಗೆ ಬಂದವಳೇ ಆ ಮಾತುಕತೆಯನ್ನು ಮತ್ತೆ ಹಾಕಿಕೊಂಡು ಕೇಳಿದಳು. ಯಂತ್ರ ಸರಿಯಿದೆಯೇ ಎಂದು ನೋಡಲು ಹಾಗೆ ಮರಳಿ ಕೇಳುವುದಕ್ಕೆ ಅವಳಿಗೆ ಅಧಿಕಾರವಿತ್ತು. ಮೊದಲ ಸಲ ಏನೂ ಗೊತ್ತಾಗಲಿಲ್ಲ. ಎರಡನೇ ಸಲ ಕೇಳಿದಾಗ ಗೊತ್ತಾಯಿತು, ಗೊತ್ತಾದ ಮೇಲೆ ಇದು ನಿನ್ನೆಯೇ ಯಾಕೆ ಹೊಳೆಯಲಿಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಹೆಸರು ಕೇಳಿದ್ದಕ್ಕೆ ಅವನು "ಹೂನ್ರಿ" ಎಂದಿದ್ದ. ಊಟ ಆಯಿತೇ ಎಂದದ್ದಕ್ಕೆ "ಹೂನ್ರಿ" ಎಂದಿದ್ದ. ಗಂಟಲು ತೆಗೆಯುವ ಮಾತಿಗೆ ಬರೀ "ಹೂಂ". ಈ ಸೀಮೆಯಲ್ಲಿ ಡಾಕ್ಟರಿಗೆ ಹೌದು ಎನ್ನಬೇಕಾದರೆ ಯಾರಾದರೂ 'ರಿ' ಬಿಡುತ್ತಾರೆಯೇ? ಬರೀ ಹೂಂ ಎಂದರೆ ಒಪ್ಪಿದೆ ಎಂದಲ್ಲ. ಕೇಳುತ್ತಿದ್ದೇನೆ, ಮುಂದೆ ಹೇಳಿ, ನೀವು ಮುಗಿಸಿದ ಮೇಲೆ ನನ್ನ ಮಾತು ಹೇಳುತ್ತೇನೆ ಎಂದು. ಅಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳು ಹಾಕುವ ಹೂಂ ಅದು. ರಾಕ್ಷಸ ರಾಜಕುಮಾರಿಯನ್ನು ಹೊತ್ತುಕೊಂಡು ಹೋದ ಎಂದಾಗಲೂ ಮಕ್ಕಳು ಹೂಂ ಎನ್ನುತ್ತವೆ.

ಯಂತ್ರಕ್ಕೆ ಮಾತು ಕಲಿಸಿದವರು ಹೌದು, ಸರಿ, ಆಯ್ತು, ಹೂಂ ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸಿದ್ದರು. ಗವಿಸಿದ್ದಪ್ಪನ ನಾಡಿ ಶಾಂತವಾಗಿತ್ತು, ಕಣ್ಣು ಡಾಕ್ಟರ ಮುಖದ ಮೇಲಿತ್ತು, ಪ್ರತಿ ಮಾತಿಗೂ ಕೂಡಲೇ ಹೂಂ ಎಂದಿದ್ದ. ಇಷ್ಟು ಗಮನವಿಟ್ಟು ಕೇಳಿದವನನ್ನು ಯಂತ್ರ ಒಪ್ಪಿದವನೆಂದು ತಿಳಿಯಿತು.

ಪರದೆಯ ಕೆಳಗೆ ಮುಚ್ಚಳ ಹಾಕಿದ ಒಂದು ಗುಂಡಿ ಇತ್ತು. ತಡೆ ಎಂದು ಬರೆದಿತ್ತು, ಒತ್ತಿದರೆ ಬಂದ ಹಸಿರು ರದ್ದಾಗುತ್ತಿತ್ತು. ಆ ಆಸ್ಪತ್ರೆಯಲ್ಲಿ ಅದನ್ನು ಅಲ್ಲಿಯವರೆಗೆ ಯಾರೂ ಒತ್ತಿರಲಿಲ್ಲ, ಅದಕ್ಕೆ ಕಾರಣವೂ ಇತ್ತು. ತಡೆದವರೇ ರೋಗಿಯ ಹತ್ತಿರ ಹೋಗಿ, ಬೇರೆ ಯಾರೂ ಇಲ್ಲದಾಗ, ಬಾಯಿಬಿಟ್ಟು ಮತ್ತೆ ಕೇಳಬೇಕು. ಆಮೇಲೆ ಯಂತ್ರದ ರಕ್ಷಣೆಯಿಲ್ಲ. ಒಳ್ಳೆಯದಾದರೂ ಕೆಟ್ಟದಾದರೂ ಜವಾಬ್ದಾರಿ ಅವರದೇ.

ದಾಕ್ಷಾಯಣಿ ಕೂಡಲೇ ಒತ್ತಲಿಲ್ಲ. ಅವಳಿಗೆ ಭಯವಾಗಿತ್ತು. ನೌಕರಿಯ ಭಯಕ್ಕಿಂತ ದೊಡ್ಡ ಭಯ ಇನ್ನೊಂದು. ತಾನು ಸುಮ್ಮನಿದ್ದರೆ ಸೋಮವಾರ ಆಪರೇಷನ್ ಆಗುತ್ತದೆ, ಆ ಮನುಷ್ಯ ಬದುಕುತ್ತಾನೆ. ಕೇಳಲು ಹೋದರೆ ಒಲ್ಲೆ ಎಂದಾನು. ಬದುಕುವವನನ್ನು ಕೆಣಕಿ ಸಾವಿನ ಕಡೆ ಕಳಿಸಿದಂತಾಗುವುದಿಲ್ಲವೇ? ತನಗೇಕೆ ಬೇಕು ಈ ಉಸಾಬರಿ? ಹಾಗೆಂದು ಕೈ ಕಟ್ಟಿ ಕೂತಳು. ಕೂತಷ್ಟೂ ಆ ಅರ್ಧ ತೆರೆದ ಬಾಯಿಯೇ ಕಾಣಿಸಿತು. ಅವನಿಗೆ ಹೇಳುವುದು ಏನೋ ಇತ್ತು, ಹೇಳಲು ಯಾರೂ ಬಿಡಲಿಲ್ಲ. ಹೇಳಲಾಗದೆ ಉಳಿದ ಮಾತು ಎದೆಯಲ್ಲಿ ಹೇಗೆ ಕೂರುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮುಚ್ಚಳ ತೆಗೆದು ಗುಂಡಿ ಒತ್ತಿದಳು.

ಡಾಕ್ಟರ್ ಪೋತದಾರ ಮೆಟ್ಟಿಲು ಹತ್ತಿ ಬಂದರು. ಲಿಫ್ಟಿಗೆ ಕಾಯುವಷ್ಟು ತಾಳ್ಮೆಯೂ ಇರಲಿಲ್ಲವೆಂದು ಕಾಣುತ್ತದೆ. "ಏನ್ರಿ ಸಿಸ್ಟರ್ ಇದು? ಹಸಿರು ಬಂದ ಮ್ಯಾಲ ತಡೀತಾರೇನು?"

ಅವಳು ಮಾತಾಡದೆ ಆ ಭಾಗವನ್ನು ಹಾಕಿದಳು. ಹೂನ್ರಿ, ಹೂನ್ರಿ. ಹೂಂ, ಹೂಂ, ಹೂಂ. ಡಾಕ್ಟರು ಮೊದಲು ಸಿಟ್ಟಿನಿಂದಲೇ ಕೇಳಿದರು. ಆಮೇಲೆ ಕುರ್ಚಿಯಲ್ಲಿ ಕೂತರು.

"ನಮ್ಮವ್ವನೂ ಫೋನಿನಾಗ ಹಿಂಗ ಅಂತಾಳ" ಎಂದರು. "ಎಲ್ಲಾ ಹೂಂ ಹೂಂ ಅಂದು, ಕಡೀಕ ತನಗ ತಿಳದಂಗ ಮಾಡ್ತಾಳ."

"ಮತ್ತ ಕೇಳೂಣ್ರಿ ಸರ್."

"ಕೇಳ್ರಿ. ಆದ್ರ ಅಂವ ಒಲ್ಲೆ ಅಂದ್ರ?"

"ಅಂದ್ರ ಅಂದ್ರು ಸರ್. ಅದು ಅವರದು."

"ಸತ್ರ?"

ದಾಕ್ಷಾಯಣಿ ಗುಂಡಿಯ ಮೇಲೆ ಮುಚ್ಚಳವನ್ನು ಮತ್ತೆ ಕೂರಿಸಿದಳು. ಡಾಕ್ಟರು ಅದನ್ನೇ ನೋಡಿದರು. "ಗಡ್ಡಿ ಉಸಿರ ಕೊಳವಿ ಹತ್ರ ಬಂದೈತಿ, ಅದನ್ನ ಸರಿಯಾಗಿ ತಿಳಿಸಿ ಕೇಳ್ರಿ" ಎಂದಷ್ಟೇ ಹೇಳಿ ಎದ್ದುಹೋದರು.

ಬಹಳ ಕಾಲದ ಮೇಲೆ ವಾರ್ಡಿಗೆ ಕಾಲಿಟ್ಟ ದಾಕ್ಷಾಯಣಿಗೆ ಫಿನಾಯಿಲ್ ವಾಸನೆಯೂ ಹಿತವೆನ್ನಿಸಿತು. ಗವಿಸಿದ್ದಪ್ಪನ ಹಾಸಿಗೆಯ ಅಂಚಿನಲ್ಲಿ ಅವನ ಹೆಂಡತಿ ಕೂತಿದ್ದಳು. ಪರದೆಯಲ್ಲಿ ರೋಗಿಯ ಮುಖವಷ್ಟೇ ಕಾಣುತ್ತಿದ್ದುದರಿಂದ ಹೆಂಡತಿಯೊಬ್ಬಳು ಇದ್ದಾಳೆಂದೇ ದಾಕ್ಷಾಯಣಿಗೆ ಗೊತ್ತಿರಲಿಲ್ಲ. ಅವಳ ಕಣ್ಣುಗಳು ತೆರೆದಿದ್ದರೂ ಯಾವುದನ್ನೂ ನೋಡುತ್ತಿರಲಿಲ್ಲ. ಹುಟ್ಟುಗುರುಡಿ. ಹುಲಿಗೆಮ್ಮ ಎಂದು ಹೆಸರು.

"ಯಾರೋ ಬಂದಾರ ನೋಡು. ಮೊಣಕಾಲ ನೋವಿನವ್ರು" ಎಂದಳು ಹುಲಿಗೆಮ್ಮ, ಹೆಜ್ಜೆಯ ಸದ್ದು ಕೇಳಿಯೇ.

ದಾಕ್ಷಾಯಣಿ ತಾನು ಯಾರೆಂದು ಹೇಳಿದಳು. ರೋಗಿಯ ಹತ್ತಿರ ಒಬ್ಬಳೇ ಮಾತಾಡಬೇಕು ಎಂದಳು. ಪಕ್ಕದ ಹಾಸಿಗೆಯವನ ಹೆಂಡತಿ ಹುಲಿಗೆಮ್ಮನ ಕೈಹಿಡಿದು ಚಹಾ ಕುಡಿಸಲು ಕರೆದೊಯ್ದಳು. ಪಕ್ಕದ ಹಾಸಿಗೆಯವನನ್ನು ಎಕ್ಸ್‌ರೇಗೆ ಕರೆದುಕೊಂಡು ಹೋಗಿದ್ದರು. ದಾಕ್ಷಾಯಣಿ ಹಾಸಿಗೆಯ ಸುತ್ತಲಿನ ಬಟ್ಟೆಯ ಪರದೆ ಎಳೆದು ಕುರ್ಚಿಯಲ್ಲಿ ಕೂತಳು.

"ಕಾಗದ ತಂದೀರೇನ್ರಿ?" ಎಂದ ಗವಿಸಿದ್ದಪ್ಪ. "ನಿನ್ನಿಂದ ಕಾಯಾಕತ್ತೀನಿ. ಸಹಿ ಮಾಡೂ ಮುಂದ ನಂದೊಂದು ಮಾತು ಹೇಳೂದಿತ್ತು."

ದಾಕ್ಷಾಯಣಿ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಸಹಿಯಿಲ್ಲ, ಕಾಗದವಿಲ್ಲ, ನೀವು ಒಪ್ಪಿದಿರಿ ಎಂದು ಯಂತ್ರ ಆಗಲೇ ಹೇಳಿಬಿಟ್ಟಿದೆ ಎಂದು ವಿವರಿಸಿದಳು.

"ನಾ ಯಾವಾಗ ಒಪ್ಪಿದ್ನಿ? ಸಾಹೇಬ್ರು ಹೇಳಾಕತ್ತಿದ್ರು, ನಾ ಹೂಂ ಅನ್ನಾಕತ್ತಿದ್ನಿ. ಡಿಪೋದಿಂದ ಫೋನ್ ಬಂದ್ರೂ ಹಂಗ ಅನ್ಬೇಕು. ಇಲ್ಲಂದ್ರ ಲೈನ್ ಕಟ್ಟಾತು ಅಂತ ಅವರು ಇಟ್ಟುಬಿಡ್ತಾರ."

ಅವಳು ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದಳು. ಒಂದು ಮಾತನ್ನೂ ಮುಚ್ಚಿಡಲಿಲ್ಲ, ಒಂದನ್ನೂ ಹೆಚ್ಚು ಮಾಡಲಿಲ್ಲ. ಆಮೇಲೆ, ಕಲಿತಿದ್ದಂತೆಯೇ, "ನೀವು ಏನು ತಿಳಕೊಂಡ್ರಿ, ನಿಮ್ಮ ಬಾಯಿಲೆ ಹೇಳ್ರಿ" ಎಂದಳು.

ಗವಿಸಿದ್ದಪ್ಪ ಸ್ವಲ್ಪ ಯೋಚಿಸಿ, ಒಡೆದ ದನಿಯಲ್ಲೇ ಮೈಕಿನ ಮುಂದೆ ಕೂತವನಂತೆ ಹೇಳಿದ. "ಎರಡು ಬಸ್ ನಿಂತಾವ್ರಿ. ಒಂದು ಎಕ್ಸ್‌ಪ್ರೆಸ್. ಊರು ಮುಟ್ಟಸ್ತೈತಿ, ಆದ್ರ ಸಾಮಾನು ಇಲ್ಲೇ ಇಳಿಸಿ ಹತ್ಬೇಕು. ಇನ್ನೊಂದು ಹಳೇ ಲಟಾರಿ. ಸಾಮಾನು ಒಯ್ಯಾಕ ಬರ್ತೈತಿ, ದಾರ್ಯಾಗ ಎಲ್ಲಿ ನಿಲ್ತೈತೋ ಗೊತ್ತಿಲ್ಲ. ಸರಿ ಐತೇನ್ರಿ?"

"ಸರಿ ಐತ್ರಿ" ಎಂದಳು. ನಗು ಬಂತು, ಕಣ್ಣೂ ತುಂಬಿತು.

"ಹಂಗಾರ ನನಗ ಲಟಾರಿನ ಇರ್ಲಿ. ಕರೆಂಟ ಕೊಡ್ರಿ. ಗಂಟಲ ತಗಿಯೂದು ಬ್ಯಾಡ."

ಇಲ್ಲಿಗೆ ಅವಳ ಕೆಲಸ ಮುಗಿಯಿತು. ಕಾರಣ ಕೇಳುವ ಹಕ್ಕು ಅವಳಿಗಿರಲಿಲ್ಲ. ಅವಳು ಕೇಳಲೂ ಇಲ್ಲ. ಅವನೇ ಹೇಳಿದ.

"ಆಕಿಗೆ ಕಣ್ಣಿಲ್ರಿ. ಬರದು ತೋರ್ಸಂಗಿಲ್ಲ, ಕೈ ಮಾಡಿ ತೋರ್ಸಂಗಿಲ್ಲ. ನಾ ಅಂದ್ರ ಆಕಿಗೆ ನನ್ನ ದನಿನ. ಡಬ್ಬಿ ಕಟ್ಟತೀನಿ ಅಂದ್ರು ಸಾಹೇಬ್ರು. ಹೋದ ವರ್ಷ ಬಸ್‌ಸ್ಟ್ಯಾಂಡಿನಾಗ ಮಷೀನ್ ಹಚ್ಚಿದಾಗ ಆಕೀನ ಕರಕೊಂಡ ಹೋಗಿದ್ನಿ, ಕೇಳು ನನ್ನ ದನಿ ಅಂತ. ನನ್ನ ಕೈ ಗಟ್ಟಿ ಹಿಡ್ಕೊಂಡ್ಲು. ಇದು ನೀ ಅಲ್ಲ, ಇದರಾಗ ಉಸಿರಿಲ್ಲ, ಮನೀಗೆ ನಡಿ, ನನಗ ಅಂಜಿಕಿ ಬರ್ತೈತಿ ಅಂದ್ಲು." ಅವನು ಕೆಮ್ಮಿ ದನಿ ಸರಿಮಾಡಿಕೊಂಡ. "ಬಾಯಿ ಹೋಗಿ ಇಪ್ಪತ್ತು ವರ್ಷ ಬದುಕಿದ್ರ, ಆಕಿ ಇಪ್ಪತ್ತು ವರ್ಷ ಯಾರೋ ಬ್ಯಾರೇದವನ ಜೊತಿ ಇದ್ದಂಗ. ಅದಕ್ಕಿಂತ ಒಂದ ವರ್ಷ ನಾನಾಗೇ ಇರ್ತೀನಿ."

ದಾಕ್ಷಾಯಣಿ ಅವನ ಕೈ ಹಿಡಿದುಕೊಂಡಳು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹೇಳಬಹುದು ಎಂದಳು. ಹೆಂಡತಿಯ ಜೊತೆಗೂ ಒಮ್ಮೆ ಮಾತಾಡಿ ಎಂದಳು.

"ಆಕಿಗೆ ಹೇಳಬ್ಯಾಡ್ರಿ" ಎಂದ ಗವಿಸಿದ್ದಪ್ಪ, ಇವಳ ಕೈಯನ್ನು ಬಿಗಿಯಾಗಿ ಹಿಡಿದು. "ನನ್ನ ಸಲುವಾಗಿ ಗಂಡ ಸತ್ತ ಅಂತ ಆಕಿ ಹೊತಗೊಂಡು ತಿರಗಬಾರದು. ನಾ ಸತ್ತ ಮ್ಯಾಲೂ ಹೇಳಬ್ಯಾಡ್ರಿ. ಆಣಿ ಮಾಡ್ರಿ."

ಆಣೆ ಬೇಕಿರಲಿಲ್ಲ, ಕಾನೂನೇ ಬಾಯಿ ಕಟ್ಟಿತ್ತು. ಆದರೂ ಆಣೆ ಮಾಡಿದಳು.

ಹಸಿರನ್ನು ತಡೆದದ್ದಕ್ಕೆ ವಿಚಾರಣೆ ನಡೆಯಿತು. ಡಾಕ್ಟರ್ ಪೋತದಾರ ಅವಳ ಪರವಾಗಿಯೇ ಮಾತಾಡಿದರು. ಯಂತ್ರ ಮಾಡಿದವರು ಅದಕ್ಕೆ ಹೊಸ ಪಾಠ ಹೇಳಿಕೊಟ್ಟರು. ಇನ್ನು ಹೂಂ ಎಂದರೆ ಹಳದಿಯೇ ಬರುತ್ತದೆ, "ನನಗೆ ಒಪ್ಪಿಗೆ ಇದೆ" ಎಂದು ಇಡೀ ವಾಕ್ಯ ಹೇಳಬೇಕು. ಮಂದಿ ಆ ವಾಕ್ಯವನ್ನು ಶಾಲೆಯ ಮಕ್ಕಳ ಹಾಗೆ ಒಪ್ಪಿಸತೊಡಗಿದರು. ಅದರಲ್ಲಿ ಎಷ್ಟು ಒಪ್ಪಿಗೆ ಇತ್ತೋ ದೇವರೇ ಬಲ್ಲ. ದಾಕ್ಷಾಯಣಿಯ ನೌಕರಿ ಉಳಿಯಿತು. ಇಷ್ಟೆಲ್ಲ ಆದದ್ದು ರುದ್ರಗೌಡನಿಗೆ ಗೊತ್ತೇ ಆಗಲಿಲ್ಲ.

ಗವಿಸಿದ್ದ‍ಪ್ಪನಿಗೆ ಕರೆಂಟ್ ಕೊಟ್ಟರು. ಗಡ್ಡೆ ಕರಗಿತು, ಅವನು ಮನೆಗೆ ಹೋದ. ದಸರೆಯ ಹೊತ್ತಿಗೆ ಗಡ್ಡೆ ಮರಳಿ ಬಂತು. ಈ ಸಲ ಯಾವ ಆಪರೇಷನ್ನಿಗೂ ದಾರಿ ಇರಲಿಲ್ಲ. ಸಂಕ್ರಾಂತಿಗೆ ಮುಂಚೆ ಅವನು ತೀರಿಕೊಂಡ ಸುದ್ದಿ ದಾಕ್ಷಾಯಣಿಗೆ ಕ್ಯಾಂಟೀನಿನಲ್ಲಿ ಯಾರೋ ಮಾತಾಡಿಕೊಳ್ಳುವಾಗ ಕಿವಿಗೆ ಬಿತ್ತು. ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಹಾಗೇ ಬಿಟ್ಟು ಎದ್ದಳು. ಅಳಲು ಆಸ್ಪತ್ರೆಯಲ್ಲಿ ಜಾಗವಿರಲಿಲ್ಲ, ಮನೆಯಲ್ಲಿ ಅತ್ತರೆ ಯಾಕೆಂದು ಹೇಳಬೇಕಾಗುತ್ತಿತ್ತು. ತಾನು ಆ ಗುಂಡಿ ಒತ್ತದಿದ್ದರೆ ಅವನು ಇರುತ್ತಿದ್ದ. ಸರಿ ಮಾಡಿದೆ ಎಂದು ಅವಳಿಗೆ ಗೊತ್ತಿತ್ತು, ಆ ಗೊತ್ತಿನಿಂದ ಸಮಾಧಾನವೇನೂ ಆಗುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಾತ್ರ ಅವನ ದನಿ ಎಂದಿನಂತೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ಕೂಗುತ್ತಲೇ ಇತ್ತು. ಅವಳು ಬಸ್ಸು ಬಿಟ್ಟು ಆಟೋ ಹಿಡಿಯತೊಡಗಿದಳು.

ಚಳಿಗಾಲ ಮುಗಿಯುತ್ತಿದ್ದ ಒಂದು ಮಧ್ಯಾಹ್ನ ಹುಲಿಗೆಮ್ಮ ಆಸ್ಪತ್ರೆಗೆ ಬಂದಳು. ಓಣಿಯ ಹೆಂಗಸೊಬ್ಬಳು ಅವಳನ್ನು ಅಂಗಳದ ಕಟ್ಟೆಯ ಮೇಲೆ ಕೂರಿಸಿ, ದಾಕ್ಷಾಯಣಿಯನ್ನು ಕರೆಸಿ, ತಾನು ದೂರ ಹೋಗಿ ನಿಂತಳು.

"ನೀ ಅವತ್ತ ವಾರ್ಡಿಗೆ ಬಂದಾಕಿ ಹೌದಲ್ಲವ್ವ" ಎಂದಳು ಹುಲಿಗೆಮ್ಮ.

"ಹೂನ್ರಿ ಅಮ್ಮಾ."

"ಬಾಜೂ ಹಾಸಿಗಿಯವನ ಹೆಂಡ್ತಿ ಸಂತ್ಯಾಗ ಸಿಕ್ಕಿದ್ಲು. ಡಾಕ್ಟರು ಆಪರೇಷನ್ ಮಾಡ್ತೀವಿ ಅಂದ್ರ ನಿನ್ನ ಗಂಡನೇ ಬ್ಯಾಡ ಅಂದ್ನಂತಲ್ಲ, ವಾರ್ಡಿನಾಗೆಲ್ಲಾ ಅದೇ ಮಾತಿತ್ತು ಅಂದ್ಲು. ಅಂವ ನನಗ ಹೇಳಿದ್ದು ಬ್ಯಾರೆ. ಆಪರೇಷನ್ ಬೇಕಾಗಿಲ್ಲ ಅಂತ ಡಾಕ್ಟರ ಅಂದಾರ ಅಂದಿದ್ದ. ಆವಾಗ್ಲೇ ದನಿ ಒಂದಿಷ್ಟು ಬ್ಯಾರೆ ಕೇಳ್ತು. ಗಂಟಲ ಬ್ಯಾನಿ, ಅದಕ್ಕ ಹಂಗ ಕೇಳ್ತೈತಿ ಅಂತ ನಾ ಸುಮ್ಮನಾದೆ."

ದಾಕ್ಷಾಯಣಿ ಕಟ್ಟೆಯ ಮೇಲೆ ಅವಳ ಪಕ್ಕ ಕೂತಳು.

"ಮನೀಗೆ ಬಂದ ಮ್ಯಾಲ ಒಂದ ಸಮ ಮಾತಾಡಿದವ್ವ ಅಂವ. ದಣಿವಾಗ್ತೈತಿ, ಸುಮ್ಮನ ಮಲ್ಕೋ ಅಂದ್ರೂ ಕೇಳ್ಲಿಲ್ಲ. ಎಂದೋ ನೋಡಿದ ಕೆರಿ, ಗುಡ್ಡ, ನಾ ಉಟ್ಟ ಸೀರಿ ಬಣ್ಣ, ಎಲ್ಲಾ ಹೇಳಿದ. ಕಡೀ ದಿನದ ತನಕ ಹೇಳಿದ." ಹುಲಿಗೆಮ್ಮ ಕೈ ಚಾಚಿ ಗಾಳಿಯಲ್ಲಿ ತಡವಿ ದಾಕ್ಷಾಯಣಿಯ ಮೊಣಕೈ ಹಿಡಿದಳು. "ಖರೇ ಹೇಳು. ನನ್ನ ಸಲುವಾಗಿ ಬ್ಯಾಡ ಅಂದ್ನೇನು?"

ರೋಗಿಯ ಗುಟ್ಟು ಬಿಡಬಾರದು ಎಂದು ಕಲಿಸಿದ್ದರು. ರೋಗಿಯ ಕಡೆಯವರಿಗೆ ಸುಳ್ಳು ಹೇಳಬಾರದು ಎಂದೂ ಕಲಿಸಿದ್ದರು. ಎರಡೂ ಎದುರುಬದುರು ಬಂದು ನಿಂತರೆ ಏನು ಮಾಡಬೇಕೆಂದು ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ನಾನು ಹೇಳುವಂತಿಲ್ಲ ಎಂದರೆ ಹೌದು ಎಂದ ಹಾಗೆ. ಸುಮ್ಮನಿದ್ದರೂ ಹೌದು ಎಂದ ಹಾಗೆ. ಈ ಹೆಂಗಸು ಉಳಿದ ಆಯುಸ್ಸೆಲ್ಲ ಆ ಹೌದನ್ನು ಹೊತ್ತುಕೊಂಡು ತಿರುಗುತ್ತಾಳೆ. ಬೇಡವೆಂದು ಅವನು ಕೈಹಿಡಿದು ಕೇಳಿದ್ದು ಅದನ್ನೇ.

"ಇಲ್ರಿ ಅಮ್ಮಾ" ಎಂದಳು ದಾಕ್ಷಾಯಣಿ. "ಅವರಿಗೆ ಆಪರೇಷನ್ ಅಂದ್ರ ಅಂಜಿಕಿ ಇತ್ತು. ಭಾಳ ಮಂದಿಗೆ ಇರ್ತೈತಿ. ಅಂಜಿ ಬ್ಯಾಡ ಅಂದ್ರು."

ಅಷ್ಟು ಧೈರ್ಯದ ಮನುಷ್ಯನನ್ನು ಅವನ ಹೆಂಡತಿಯ ಮುಂದೆ ಪುಕ್ಕಲನನ್ನಾಗಿ ಮಾಡಿದ್ದಳು. ಹುಲಿಗೆಮ್ಮ ತಲೆ ಓರೆ ಮಾಡಿ ಕೂತಿದ್ದಳು. ಆ ಮಾತು ಮುಗಿದ ಮೇಲೂ ಅದನ್ನೇ ಇನ್ನೂ ಕೇಳಿಸಿಕೊಳ್ಳುತ್ತಿದ್ದಳು. ಹೆದ್ದಾರಿಯಲ್ಲಿ ಲಾರಿಗಳು ಹೋಗಿ ಬಂದವು.

"ಅಂಜಿಕಿ" ಎಂದಳು ಕೊನೆಗೆ. "ಆತವ್ವ. ನೀ ಅಂದಂಗ ತಿಳ್ಕೋತೀನಿ."

ಓಣಿಯ ಹೆಂಗಸು ಹತ್ತಿರ ಬಂದಳು. ಹುಲಿಗೆಮ್ಮ ಅವಳ ಭುಜ ಹಿಡಿದು ಎದ್ದಳು. ಎರಡು ಹೆಜ್ಜೆ ಇಟ್ಟು ನಿಂತು, ಹಿಂದಕ್ಕೆ ತಿರುಗಿದಳು.

"ಮನ್ಯಾಗ ನಿನಗ ಮಾತಾಡಾಕ ಯಾರರ ಅದಾರೇನವ್ವ?"

"ಅದಾರ್ರಿ" ಎಂದಳು ದಾಕ್ಷಾಯಣಿ.

ಆ ಎರಡನೇ ಸುಳ್ಳನ್ನೂ ಹುಲಿಗೆಮ್ಮ ಮರುಮಾತಿಲ್ಲದೆ ತೆಗೆದುಕೊಂಡು, ಗೇಟಿನ ಕಡೆ ನಡೆದಳು.